ಸ್ಥಳದ ಹೆಸರೂ ಇಂಗ್ಲಿಷಿನ ಚಿಕ್ಕ ಮಾತುಗಳೂ

ಇಂಗ್ಲಿಷನ್ನು ಕಲಿಯುವ ನಮ್ಮ ಮಕ್ಕಳಿಗೆ ಕಷ್ಟವಾಗಿರುವುವು ದೊಡ್ಡ ದೊಡ್ಡ ಶಬ್ದಗಳಲ್ಲ. ಎಂತಹ ಉದ್ದನೆಯ ಶಬ್ದವಾದರೂ ನಾಲ್ಕು ಸಾರಿ ಬರೆದರೆ ಕೈಗೆ ಬರುತ್ತದೆ. ಹತ್ತು ವರ್ಷ ಓದಿದರೂ ಕೈಗೆ ಸಿಕ್ಕದೆ ಜಾರಿಹೋಗುವುವು ‘ಇನ್’, ‘ಅಟ್’, ‘ಆನ್’, ‘ದಿ’ ಎಂಬ ಚಿಟಿಕೆಯಷ್ಟಿರುವ ಮಾತುಗಳು. ಅದರಲ್ಲಿಯೂ ಇವು ಊರು, ನದಿ, ಶಾಲೆ, ಆಸ್ಪತ್ರೆ ಮೊದಲಾದ ಸ್ಥಳಗಳ ಹೆಸರಿನೊಡನೆ ಸೇರಿಕೊಂಡಾಗ. ನಾವು ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಪಾಠ ಹೇಳಿ ಈಗ ವಿಶ್ರಾಂತರಾಗಿರುವವರು. ನಮ್ಮ ಸ್ವಂತ ವಿಷಯ ಸಂಸ್ಕೃತ. ಆದರೆ ಹಳ್ಳಿಯ ಕಡೆಯ ಶಾಲೆಗಳಲ್ಲಿ ಇಂಗ್ಲಿಷಿನ ಉಪಾಧ್ಯಾಯರ ಸ್ಥಾನ ವರ್ಷಗಟ್ಟಲೆ ಬರಿದಾಗಿರುವುದು ಅಪೂರ್ವವಲ್ಲವಾದುದರಿಂದ, ಶಾಕುಂತಲವನ್ನು ಹೇಳುವ ಬಾಯಿಯಿಂದಲೇ ಇವುಗಳನ್ನೂ ಹೇಳಬೇಕಾಗಿ ಬಂದಿತು. ಅದರಿಂದ ನಮಗೆ ನಷ್ಟವೇನೂ ಆಗಲಿಲ್ಲ. ಒಂದು ವ್ಯಾಕರಣದ ರುಚಿ ಹತ್ತಿದವನಿಗೆ ಎರಡನೆಯದು ಅಷ್ಟೇನೂ ಪರಕೀಯವಾಗಿ ತೋರುವುದಿಲ್ಲ.

ಸಂಸ್ಕೃತದಲ್ಲಿ ಆಧಾರವನ್ನು ಹೇಳುವುದಕ್ಕೆ ಸಪ್ತಮೀ ವಿಭಕ್ತಿ ಒಂದೇ ಸಾಕು. ಚಾಪೆಯ ಮೇಲೆ ಕುಳಿತವನಿಗೂ, ಪಾತ್ರೆಯೊಳಗೆ ಬೇಯುವ ಅನ್ನಕ್ಕೂ, ಎಳ್ಳಿನಲ್ಲಿ ತುಂಬಿರುವ ಎಣ್ಣೆಗೂ, ಮೋಕ್ಷದಲ್ಲಿ ನೆಟ್ಟ ಇಚ್ಛೆಗೂ ಅದೇ ವಿಭಕ್ತಿ. ಈ ಆಧಾರವನ್ನು ಔಪಶ್ಲೇಷಿಕ, ವೈಷಯಿಕ, ಅಭಿವ್ಯಾಪಕ ಎಂದು ವೈಯಾಕರಣರು ಮೂರಾಗಿ ವಿಂಗಡಿಸಿರುವರು. ಅದು ಅರ್ಥದ ವಿಂಗಡಣೆಯೇ ಹೊರತು ರೂಪದ್ದಲ್ಲ. ಕನ್ನಡದಲ್ಲಿಯೂ ‘ಅಲ್ಲಿ’ ಎಂಬ ಒಂದು ಪ್ರತ್ಯಯವೇ ಈ ಸಂಸಾರವನ್ನು ಬಹುಮಟ್ಟಿಗೆ ತೂಗಿಸಿಕೊಂಡು ಹೋಗುತ್ತದೆ. ಸಾಲದಾದ ಕಡೆ ಮೇಲೆ, ಒಳಗೆ, ಹತ್ತಿರ ಎಂಬ ನೆಂಟರನ್ನು ಕರೆಯುತ್ತೇವೆ. ಇಂಗ್ಲಿಷಿನವನ ಕ್ರಮವೇ ಬೇರೆ. ಸ್ಥಳವನ್ನು ಹೆಸರಿಸುವುದಕ್ಕೆ ಮೊದಲೇ ಅವನು ಅದನ್ನು ಬಿಂದುವೆಂದು ಕಾಣುವನೋ, ಮೇಲ್ಮೈಯೆಂದು ಕಾಣುವನೋ, ಆವರಣವೆಂದು ಕಾಣುವನೋ ಗೊತ್ತುಮಾಡಿಕೊಳ್ಳಬೇಕು. ಬಿಂದುವಾದರೆ ‘ಅಟ್’, ಮೇಲ್ಮೈಯಾದರೆ ‘ಆನ್’, ಆವರಣವಾದರೆ ‘ಇನ್’. ಬಾಗಿಲ ಬಳಿ ನಿಂತ ಅತಿಥಿ ‘ಅಟ್ ದಿ ಡೋರ್’; ಬಾಗಿಲಿಗೆ ಬಳಿದ ಬಣ್ಣ ‘ಆನ್ ದಿ ಡೋರ್’; ಬಾಗಿಲಿನ ಮರವನ್ನು ಒಳಗೇ ತಿನ್ನುವ ಗೆದ್ದಲು ‘ಇನ್ ದಿ ಡೋರ್’. ಬಾಗಿಲು ಒಂದೇ, ಕಣ್ಣು ಮೂರು. ಹಾಗೆಯೇ, ಪಾಠ ಒಪ್ಪಿಸದ ಹುಡುಗನು ಕೊಠಡಿಯ ಮೂಲೆಯಲ್ಲಿ ನಿಂತರೆ ‘ಇನ್ ದಿ ಕಾರ್ನರ್’, ಅವನೇ ಸಂಜೆ ಬೀದಿಯ ಮೂಲೆಯಲ್ಲಿ ನಿಂತರೆ ‘ಅಟ್ ದಿ ಕಾರ್ನರ್’. ಕೊಠಡಿಯ ಮೂಲೆ ಎರಡು ಗೋಡೆಗಳಿಂದ ಅವನನ್ನು ಅಪ್ಪಿಕೊಳ್ಳುತ್ತದೆ. ಬೀದಿಯ ಮೂಲೆ ಯಾರನ್ನೂ ಅಪ್ಪುವುದಿಲ್ಲ.

ಇಷ್ಟು ಹೇಳಿದರೆ ಮಕ್ಕಳು ಒಪ್ಪುತ್ತಾರೆ. ಬಸ್ಸಿಗೆ ಬಂದಾಗ ಮಾತ್ರ ಅವರ ನಂಬಿಕೆ ಸಡಿಲುತ್ತದೆ. ಇಂಗ್ಲಿಷಿನಲ್ಲಿ ಪ್ರಯಾಣಿಕನು ‘ಆನ್ ದಿ ಬಸ್’, ಆದರೆ ಕಾರಿನಲ್ಲಿ ಹೋಗುವವನು ‘ಇನ್ ದಿ ಕಾರ್’. ನಮ್ಮ ಕಡೆ ಬಸ್ಸಿನ ‘ಮೇಲೆ’ ಕುಳಿತವನೆಂದರೆ ಜಾತ್ರೆಯ ಕಾಲದಲ್ಲಿ ಮೂಟೆಗಳ ನಡುವೆ ಏರಿ ಕುಳಿತವನೇ. ಎದ್ದು ನಿಂತು ನಾಲ್ಕು ಹೆಜ್ಜೆ ಓಡಾಡುವುದಕ್ಕೆ ಎಡೆಯುಳ್ಳ ಹಡಗು, ರೈಲು, ಬಸ್ಸುಗಳಿಗೆ ‘ಆನ್’, ಮೈ ಮುದುರಿಕೊಂಡು ಕೂರಬೇಕಾದ ವಾಹನಕ್ಕೆ ‘ಇನ್’ ಎಂದು ನಾವು ಹೇಳುತ್ತಿದ್ದೆವು. ಹಬ್ಬದ ಹಿಂದಿನ ದಿನ ನಮ್ಮ ಬಸ್ಸುಗಳಲ್ಲಿ ಓಡಾಡುವುದಿರಲಿ, ಉಸಿರಾಡುವುದೇ ಕಷ್ಟವಾಗಿರುವಾಗ ಈ ನಿಯಮ ಹೇಗೆ ಎಂದು ಕೇಳಿದ ಹುಡುಗನೂ ಇದ್ದನು. ಕೇಳತಕ್ಕ ಪ್ರಶ್ನೆಯೇ.

ಊರುಗಳ ವಿಷಯದಲ್ಲಿ ಹಳೆಯ ಶಾಲಾವ್ಯಾಕರಣಗಳು ಒಂದು ಸೂತ್ರವನ್ನು ಕೊಟ್ಟವು. ದೇಶಗಳಿಗೂ ದೊಡ್ಡ ಪಟ್ಟಣಗಳಿಗೂ ‘ಇನ್’, ಚಿಕ್ಕ ಊರುಗಳಿಗೂ ಹಳ್ಳಿಗಳಿಗೂ ‘ಅಟ್’. ರೆನ್ ಮತ್ತು ಮಾರ್ಟಿನ್ ಎಂಬುವರ ಪುಸ್ತಕವನ್ನು ಓದಿದ ಮನೆಗಳಲ್ಲೆಲ್ಲ ಈ ಸೂತ್ರ ಬಾಯಿಪಾಠವಾಗಿರುವುದು. ಒಂದು ವರ್ಷ, ಮೂರು ಮೈಲಿ ನಡೆದು ಶಾಲೆಗೆ ಬರುತ್ತಿದ್ದ ಒಬ್ಬ ಹುಡುಗಿ ಎದ್ದುನಿಂತು, “ನಮ್ಮೂರಿಗೆ ಯಾವುದು ಸಾರ್? ಎಷ್ಟು ಮನೆಯಾದರೆ ‘ಅಟ್’ ಹೋಗಿ ‘ಇನ್’ ಬರುತ್ತದೆ?” ಎಂದು ಕೇಳಿದಳು. ತರಗತಿ ನಕ್ಕಿತು, ಅವಳು ನಗಲಿಲ್ಲ. ತನ್ನ ಊರನ್ನು ಪುಸ್ತಕವು ಚಿಕ್ಕದೆಂದು ಒಂದು ಅಕ್ಷರದಲ್ಲಿ ತೀರ್ಮಾನಿಸಿಬಿಟ್ಟಿದೆಯೆಂಬ ನೋವು ಅವಳ ಮುಖದಲ್ಲಿ ಕಂಡಿತು. ಆ ಸೂತ್ರವನ್ನು ನಾವು ಹಾಗೆಯೇ ಬಿಡುವಂತಿರಲಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ರೈಲು ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರುಗಳನ್ನು ದಾಟಿ ಹೋಗುತ್ತದೆಯಷ್ಟೆ. ರೈಲು ನಿಲ್ಲುವುದು ‘ಅಟ್ ತಿಪಟೂರ್’; ಅಲ್ಲಿ ತೆಂಗಿನ ತೋಟ ಮಾಡಿಕೊಂಡು ಮಕ್ಕಳನ್ನು ಸಾಕಿದವನು ಬಾಳುವುದು ‘ಇನ್ ತಿಪಟೂರ್’. ರೈಲಿಗೆ ಊರೆಂಬುದು ದಾರಿಯ ಮೇಲಿನ ಒಂದು ಚುಕ್ಕೆ. ಒಕ್ಕಲಿಗೆ ಅದು ತನ್ನ ಸುತ್ತ ಹರಡಿದ ಲೋಕ. ಊರಿನ ಗಾತ್ರವಲ್ಲ, ಆಡುವವನು ಅದರೊಳಗೆ ಇದ್ದಾನೋ ಅದರ ಮೂಲಕ ಹಾದುಹೋಗುತ್ತಿದ್ದಾನೋ ಎಂಬುದೇ ಮುಖ್ಯ. ಈಗಿನ ಇಂಗ್ಲಿಷಿನಲ್ಲಿ ವಾಸಿಸುವ ಊರು ಎಷ್ಟು ಸಣ್ಣದಾದರೂ ‘ಇನ್’ ಎನ್ನುವುದೇ ರೂಢಿ. ಆ ಹುಡುಗಿ ಅಂದಿನಿಂದ ತನ್ನ ಹಳ್ಳಿಯ ಹೆಸರಿನ ಹಿಂದೆ ‘ಇನ್’ ಎಂದೇ ಬರೆದಳು. ನಾವು ಅದಕ್ಕೆ ಕೆಂಪು ಗೆರೆ ಎಳೆಯಲಿಲ್ಲ.

ಇನ್ನು ‘ದಿ’ ಎಂಬುದರ ವಿಚಾರ. ‘ಟು ಸ್ಕೂಲ್’ ಹೋಗುವವನು ಓದುವುದಕ್ಕೆ ಹೋಗುವವನು. ಅವನ ತಂದೆ ಶುಲ್ಕ ಕಟ್ಟುವುದಕ್ಕೋ ದೂರು ಹೇಳುವುದಕ್ಕೋ ಹೋದರೆ ‘ಟು ದಿ ಸ್ಕೂಲ್’. ‘ಇನ್ ಪ್ರಿಸನ್’ ಇರುವವನು ಕೈದಿ. ದೀಪ ಸರಿಮಾಡಲು ಒಳಗೆ ಹೋದ ಕೆಲಸಗಾರನು ‘ಇನ್ ದಿ ಪ್ರಿಸನ್’. ಉಪಪದವು ಬಿದ್ದುಹೋದಾಗ ಕಟ್ಟಡವು ಮರೆಯಾಗಿ, ಅದು ಯಾವ ಉದ್ದೇಶಕ್ಕಾಗಿ ಇದೆಯೋ ಆ ಉದ್ದೇಶವು ಮುಂದೆ ಬರುತ್ತದೆ. ಇದು ಪರದೇಶದ ವಿಚಿತ್ರವೆಂದು ಯಾರೂ ತಿಳಿಯಬೇಕಾಗಿಲ್ಲ. ಕನ್ನಡದಲ್ಲಿ ಆರ್ಟಿಕಲ್ಲೆಂಬುದೇ ಇಲ್ಲದಿದ್ದರೂ ಈ ವಿವೇಕ ಇದೆ. “ಊರಿಗೆ ಹೋಗುತ್ತೇನೆ” ಎಂದು ಬೋಳಾಗಿ ಹೇಳಿದರೆ ಅದು ಸ್ವಂತ ಊರೇ; ಮತ್ತೊಂದಾದರೆ “ಆ ಊರಿಗೆ” ಎನ್ನಬೇಕು. “ಮನೆಗೆ ಹೋದನು” ಎಂದರೆ ತನ್ನ ಮನೆಗೆ. “ಜೈಲಿಗೆ ಹೋಗಿಬಂದವನು” ಎಂದರೆ ಜೈಲಿನ ಅಡಿಗೆಯವನೆಂದು ಯಾರೂ ತಿಳಿಯುವುದಿಲ್ಲ. 1942ರಲ್ಲಿ ಹೋಗಿಬಂದವರಾದರೆ ಆ ಮಾತೇ ಒಂದು ಗೌರವ.

ಈ ಬೋಳು ಪದದ ಬಲವನ್ನು ನಮ್ಮ ನೆರೆಮನೆಯವರು ಕಂಡುಕೊಂಡ ರೀತಿ ಮಾತ್ರ ಬೇರೆ. ಅವರ ಮಗನು ಇಂಗ್ಲೆಂಡಿನಲ್ಲಿ ಇಂಜಿನಿಯರನಾಗಿದ್ದಾನೆ. ನಾಲ್ಕು ವರ್ಷಗಳಿಂದ ಊರಿಗೆ ಬಂದಿರಲಿಲ್ಲ. ಯಜಮಾನರ ತಂಗಿಗೆ ಶಸ್ತ್ರಚಿಕಿತ್ಸೆಯಾಗಿ, ಅಣ್ಣನಾದವರು ಹೊತ್ತುಹೊತ್ತಿಗೆ ಗಂಜಿಯ ಪಾತ್ರೆ ಹಿಡಿದು ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಒಂದು ಸಂಜೆ ತಂದೆಯೊಡನೆ ಮಾತನಾಡಬೇಕೆಂದು ಮಗನು ಕೇಳಿದ್ದಕ್ಕೆ, ಅವನ ತಂಗಿ ಮೊಬೈಲಿನಲ್ಲಿ ಇಂಗ್ಲಿಷಿನ ಒಂದು ಸಾಲು ಬರೆದು ಕಳುಹಿಸಿದಳು: ‘ಫಾದರ್ ಈಸ್ ಇನ್ ಹಾಸ್ಪಿಟಲ್.’ ಆಷಾಢದ ಮಳೆ. ಮಲೆನಾಡಿನ ಸೆರಗಿನಲ್ಲಿರುವ ನಮ್ಮ ಊರಿನಲ್ಲಿ ವಿದ್ಯುತ್ತು ಹೋಯಿತೆಂದರೆ ಮೊಬೈಲಿನ ಗೋಪುರವೂ ಮೂಕವಾಗುತ್ತದೆ. ಎರಡನೆಯ ಮಾತು ಹೋಗಲಿಲ್ಲ. ‘ಅಟ್ ದಿ ಹಾಸ್ಪಿಟಲ್’ ಎಂದಿದ್ದರೆ ಅಲ್ಲಿಗೆ ಹೋಗಿದ್ದಾರೆಂದು ಅವನು ಸುಮ್ಮನಿರುತ್ತಿದ್ದನೋ ಏನೋ. ಇಂಗ್ಲೆಂಡಿನ ಬಳಕೆಯಲ್ಲಿ ‘ದಿ’ ಇಲ್ಲದ ‘ಇನ್ ಹಾಸ್ಪಿಟಲ್’ ಎಂದರೆ ರೋಗಿಯಾಗಿ ಮಲಗಿರುವುದೆಂದೇ ಅರ್ಥ. (ಅಮೆರಿಕದಲ್ಲಾದರೆ ರೋಗಿಗೂ ‘ದಿ’ ಸೇರಿಸಿಯೇ ಹೇಳುತ್ತಾರೆ.) ಆ ರಾತ್ರಿಯೇ ಅವನು ಟಿಕೆಟ್ಟು ಕೊಂಡನು. ಮೂರನೆಯ ದಿನ ಬೆಳಿಗ್ಗೆ ಬಾಗಿಲು ತಟ್ಟಿದಾಗ ತೆರೆದವರು ಗಂಜಿಯ ಪಾತ್ರೆಯನ್ನು ಕೈಯಲ್ಲಿ ಹಿಡಿದು ಹೊರಟಿದ್ದ ತಂದೆಯೇ. ಮಗನು ಹೊಸಿಲ ಮೇಲೆಯೇ ಕುಳಿತು ಅತ್ತನಂತೆ. ಟಿಕೆಟ್ಟಿಗೆ ಎಷ್ಟಾಯಿತೆಂದು ತಂದೆ ಎರಡು ದಿನ ಕೇಳಿದರು, ಅವನು ಹೇಳಲಿಲ್ಲ. ತಾಯಿ ಮಾತ್ರ ನಮ್ಮ ಮನೆಗೆ ಬಂದು, “ಆ ನಿಮ್ಮ ‘ದಿ’ ಬಿಟ್ಟದ್ದೇ ಒಳ್ಳೆಯದಾಯಿತು ಮೇಷ್ಟ್ರೇ” ಎಂದು ಮಗನ ಕೈಯಲ್ಲಿ ಚಕ್ಕುಲಿ ಕೊಡಿಸಿ ಹೋದರು.

ದೇಶಗಳ ಹೆಸರಿಗೆ ಹತ್ತುವ ‘ದಿ’ ಇದಕ್ಕಿಂತಲೂ ಗಂಭೀರವಾದುದು. ನದಿಗಳಿಗೂ ಪರ್ವತಶ್ರೇಣಿಗಳಿಗೂ ‘ದಿ’ ಉಂಟು, ಒಂಟಿ ಶಿಖರಕ್ಕೆ ಇಲ್ಲ. ‘ದಿ ಕಾವೇರಿ’, ‘ದಿ ಹಿಮಾಲಯಾಸ್’, ಆದರೆ ಬರಿಯ ‘ಮೌಂಟ್ ಎವರೆಸ್ಟ್’. ನದಿಯ ಹೆಸರೋ ಸೀಮೆಯ ಹೆಸರೋ ದೇಶದ ಹೆಸರಾದಾಗ ಆ ‘ದಿ’ ಕೂಡ ಜೊತೆಯಲ್ಲಿಯೇ ಬರುವುದುಂಟು. ಗ್ಯಾಂಬಿಯಾ ಎಂಬುದು ಮೊದಲು ನದಿ. 1965ರಲ್ಲಿ ಸ್ವತಂತ್ರವಾದ ಆ ದೇಶವು ‘ದಿ ಗ್ಯಾಂಬಿಯಾ’ ಎಂಬುದನ್ನೇ ಬೇಕೆಂದು ಉಳಿಸಿಕೊಂಡಿದೆ. ಅದಕ್ಕೆ ಹಿಂದಿನ ವರ್ಷ ಸ್ವತಂತ್ರವಾದ ಜಾಂಬಿಯಾದೊಡನೆ ಗೊಂದಲವಾಗಬಾರದೆಂಬುದೂ ಒಂದು ಕಾರಣ. ಯುಕ್ರೇನಿನದು ಇದಕ್ಕೆ ವಿರುದ್ಧವಾದ ಕಥೆ. ಆ ಹೆಸರಿಗೆ ‘ಅಂಚಿನ ಸೀಮೆ’ ಎಂದು ಅರ್ಥವೆಂಬುದು ಹಲವು ವಿದ್ವಾಂಸರ ಮತ. ಹಿಂದೆ ಇಂಗ್ಲಿಷಿನವರು ‘ದಿ ಯುಕ್ರೇನ್’ ಎನ್ನುತ್ತಿದ್ದರು. 1991ರಲ್ಲಿ ಸ್ವತಂತ್ರವಾದ ಮೇಲೆ, ನಾವು ಯಾರದೋ ರಾಜ್ಯದ ಒಂದು ಸೀಮೆಯಲ್ಲ, ದೇಶ ಎಂದು ಅಲ್ಲಿಯ ಜನರು ಅದನ್ನು ಬಿಡಿಸಿದರು. ರಷ್ಯನ್ ಭಾಷೆಯಲ್ಲಿ ಆರ್ಟಿಕಲ್ಲಿಲ್ಲ. ಆದರೆ ಅಲ್ಲಿ ಜಗಳವು ಪ್ರಿಪೊಸಿಷನ್ನಿನ ಮೇಲೆ ಎದ್ದಿತು. ದೇಶಗಳಿಗೆ ಸಾಮಾನ್ಯವಾಗಿ ಒಳಗೆ ಎಂಬರ್ಥದ ‘ವ್’ ಬರುವಲ್ಲಿ, ಯುಕ್ರೇನಿಗೆ ಮಾತ್ರ ಮೇಲೆ ಎಂಬರ್ಥದ ‘ನಾ’ ರೂಢಿಯಲ್ಲಿತ್ತು. 1993ರಲ್ಲಿ ಯುಕ್ರೇನ್ ಸರ್ಕಾರವು ತಮಗೂ ‘ವ್’ ಎಂದೇ ಬಳಸಬೇಕೆಂದು ರಷ್ಯದ ಸರ್ಕಾರವನ್ನು ಕೇಳಿಕೊಂಡಿತು. 2022ರ ಫೆಬ್ರುವರಿಯಲ್ಲಿ ರಷ್ಯದ ಸೈನ್ಯವು ಆ ದೇಶದೊಳಕ್ಕೆ ನುಗ್ಗಿದ ಮೇಲೆ, ಆ ಕೋರಿಕೆಯನ್ನು ಬರಿಯ ಪಂಡಿತರ ಚರ್ಚೆಯೆಂದು ಯಾರೂ ಹೇಳಲಾರರು.

ನಮ್ಮಲ್ಲಿಯೇ ‘ದಿ ಪಂಜಾಬ್’ ಎಂಬುದು ಇಂಗ್ಲಿಷರ ಕಾಗದಪತ್ರಗಳ ರೂಢಿಯಾಗಿತ್ತು. ಐದು ಜಲಗಳ ಸೀಮೆಯಾದುದರಿಂದ. 1882ರಲ್ಲಿ ಲಾಹೋರಿನಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯವು ಇಂದಿಗೂ ‘ಯೂನಿವರ್ಸಿಟಿ ಆಫ್ ದಿ ಪಂಜಾಬ್’. ಚಂಡೀಗಢದ್ದು ‘ದಿ’ ಇಲ್ಲದ ಪಂಜಾಬ್ ಯೂನಿವರ್ಸಿಟಿ. 1947ರ ವಿಭಜನೆಯ ಮೇಲೆ ಝೇಲಂ, ಚಿನಾಬ್ ನದಿಗಳು ನಮ್ಮ ಪಂಜಾಬಿನಲ್ಲಿ ಹರಿಯುವುದಿಲ್ಲ. ಹಾಗಾದರೆ ಐದಕ್ಕೆ ಎರಡು ಕಡಮೆಯಾದ ಆ ನಾಡಿಗೆ ಆ ಹೆಸರು ಸಲ್ಲುವುದೇ? ಇಂತಹ ಪ್ರಶ್ನೆಯನ್ನು ಪಾಣಿನಿಯು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಎತ್ತಿ ಮುಗಿಸಿದ್ದಾನೆಂಬುದನ್ನು ನೆನೆದರೆ ನಮಗೆ ಈಗಲೂ ಆನಂದವಾಗುತ್ತದೆ.

ಸಂಸ್ಕೃತದಲ್ಲಿ ಪಂಚಾಲ ದೇಶವನ್ನು ‘ಪಂಚಾಲಾಃ’ ಎಂದು ಬಹುವಚನದಲ್ಲಿ ಹೇಳುವುದು ರೂಢಿ. ಪಂಚಾಲರೆಂಬ ಜನರ ಹೆಸರೇ ನಾಡಿಗೆ ಬಂದಿತೆಂದು ಕಾರಣ ಹೇಳುತ್ತಾರೆ. ‘ವರಣಾಃ’ ಎಂಬ ನಗರ ಬಹುವಚನ. ‘ಗೋದೌ’ ಎಂಬ ಗ್ರಾಮ ದ್ವಿವಚನ. ಒಂದು ಹಳ್ಳಿ ಎರಡಾಗುವುದು ಹೇಗೆ? ಅಷ್ಟಾಧ್ಯಾಯಿಯ ಮೊದಲನೆಯ ಅಧ್ಯಾಯದ ಎರಡನೆಯ ಪಾದದಲ್ಲಿ ಪಾಣಿನಿಯು ಇದಕ್ಕೊಂದು ವಿಧಿಯನ್ನು ಹೇಳಿ, ಕೂಡಲೇ, ಇದನ್ನು ಉಪದೇಶಿಸಬೇಕಾದ ಅಗತ್ಯವೇ ಇಲ್ಲ, ಲೋಕದಲ್ಲಿ ಹೆಸರು ಹೇಗೆ ನಡೆಯುವುದೋ ಅದೇ ಪ್ರಮಾಣ ಎನ್ನುತ್ತಾನೆ. ಅಷ್ಟಕ್ಕೇ ಬಿಡುವುದಿಲ್ಲ. ವ್ಯುತ್ಪತ್ತಿಯೇ ಹೆಸರಿಗೆ ಪ್ರಮಾಣವಾಗಿದ್ದರೆ, ಆ ಸಂಬಂಧ ಅಳಿದ ದಿನ ಹೆಸರೂ ಅಳಿಯಬೇಕಾಗಿತ್ತು. ಹಾಗೆ ಅಳಿಯುವುದಿಲ್ಲವಷ್ಟೆ ಎಂದು ತರ್ಕಿಸುತ್ತಾನೆ. ನದಿ ಎರಡು ಹೋದರೂ ಪಂಜಾಬು ಪಂಜಾಬೇ. ನೆದರ್ಲೆಂಡ್ಸ್ ಎಂಬ ಒಂದು ದೇಶ ಬಹುವಚನದಂತೆ ಕಾಣುವುದೂ, ಹೇಗ್ ಎಂಬ ಪಟ್ಟಣ ‘ದಿ’ ಬಿಡದಿರುವುದೂ ಈ ಜಾತಿಗೆ ಸೇರಿದುವೇ.

ಆದಕಾರಣ ಮಕ್ಕಳಿಗೆ ಇಂಗ್ಲಿಷು ಹೇಳಿಕೊಡುವ ತಂದೆತಾಯಿಗಳೂ ಉಪಾಧ್ಯಾಯರೂ ಎರಡು ರಾಶಿ ಮಾಡಿಕೊಳ್ಳುವುದು ಲೇಸೆಂದು ನಮಗೆ ತೋರುತ್ತದೆ. ಆಸ್ಪತ್ರೆ, ಶಾಲೆ, ಬಾಗಿಲು, ಮೂಲೆ ಇವುಗಳಲ್ಲಿ ಅರ್ಥವಿದೆ. ಕಾರಣ ಹೇಳಿ ಕಲಿಸಬಹುದು, ತಪ್ಪಿದರೆ ತಿದ್ದಬೇಕು. ದೇಶ, ನದಿ, ಪಟ್ಟಣಗಳ ‘ದಿ’ ಎಂಬುದು ರೂಢಿ. ಅದಕ್ಕೆ ಕಾರಣ ಕೇಳಿ ಮಗುವಿನ ಕಿವಿ ಹಿಂಡುವುದು ಅನ್ಯಾಯ. ಒಂದು ‘ದಿ’ ಬಿಟ್ಟುದಕ್ಕಾಗಿ ಜಾಣ ಹುಡುಗರು ಹತ್ತು ಜನರೆದುರು ಹಾಸ್ಯಕ್ಕೊಳಗಾಗಿ, ಮತ್ತೆ ಇಂಗ್ಲಿಷಿನಲ್ಲಿ ಬಾಯಿಬಿಡದೆ ಹೋದುದನ್ನು ನಾವು ಕಂಡಿದ್ದೇವೆ. ನಗುವವರಿಗೆ ಸಂಸ್ಕೃತದಲ್ಲಿ ಆ ಹಳ್ಳಿಯ ದ್ವಿವಚನವನ್ನು ಕೇಳಬೇಕು.

ಈಚೆಗೆ ಹಳೆಯ ಶಿಷ್ಯನೊಬ್ಬನು, ಮನೆಯ ಜಗುಲಿಗೆ ಇಂಗ್ಲಿಷಿನಲ್ಲಿ ‘ಆನ್’ ಸರಿಯೋ ‘ಇನ್’ ಸರಿಯೋ ಎಂದು ಬರೆದು ಕೇಳಿದ್ದಾನೆ. ನೆಲದಿಂದ ಎತ್ತರಿಸಿ, ಬೀದಿಗೆ ತೆರೆದುಕೊಂಡು, ದಾರಿಹೋಕರೂ ಬಂದು ಕುಳಿತುಕೊಳ್ಳುವ ಜಗುಲಿಗೆ ‘ಆನ್’ ಎಂದೇ ನಮ್ಮ ಮತ. ಈಗಿನಂತೆ ಅದಕ್ಕೆ ಕಬ್ಬಿಣದ ಸರಳು ಹಾಕಿ ಬೀಗ ಜಡಿದಿದ್ದರೆ, ‘ಇನ್’ ಎನ್ನುವವರೊಡನೆ ನಾವು ಜಗಳಕ್ಕೆ ಹೋಗುವುದಿಲ್ಲ.