ಐದು ಊರುಗಳ ದಾರಿಯೂ ಹಳೆಯ ಇಂಜಿನಿನ ದನಿಯೂ

ತುಂಗಭದ್ರೆಯ ಬಲದಂಡೆಯಿಂದ ಮೂಡಣಕ್ಕೆ ಹಬ್ಬಿಕೊಂಡು, ಕೂಡ್ಲಿಗಿಯ ಕಲ್ಲುಗುಡ್ಡಗಳನ್ನು ಹೋಗಿ ಮುಟ್ಟುವ ಬಯಲುನಾಡೊಂದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬುವು ಈ ನಾಡಿನ ಐದು ಮುಖ್ಯ ಊರುಗಳು. ೧೯೫೩ನೆಯ ಅಕ್ಟೋಬರ್ ೧ರವರೆಗೆ ಇವು ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದುವು. ಅಂದಿನಿಂದ ಮೈಸೂರಿಗೆ ಸೇರಿದುವು. ೨೦೨೧ರಿಂದೀಚೆಗೆ ವಿಜಯನಗರ ಜಿಲ್ಲೆಯಲ್ಲಿವೆ. ಹರಪನಹಳ್ಳಿಯಂತೂ ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿ, ಆಮೇಲೆ ಇಲ್ಲಿಗೆ ಬಂದಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೇನು? ಊರಿಂದೂರಿಗೆ ಇರುವ ದಾರಿ ಮಾತ್ರ ಸವೆದೇ ತೀರಬೇಕು. ಜೋಳ, ಮೆಕ್ಕೆಜೋಳ, ಶೇಂಗಾ ಹೊಲಗಳ ನಡುವಣ ಈ ದಾರಿಗಳಲ್ಲಿ ತಂದೆಯ ಕಾಲದ ಮೋಟಾರು ಸೈಕಲ್ಲನ್ನು ಇಂದಿಗೂ ನಡೆಯಿಸುವ ಗೃಹಸ್ಥರುಂಟು. ಅಂಥವರ ಸಲುವಾಗಿಯೇ ಈ ನಾಲ್ಕು ಮಾತು.

ಆ ಹಳೆಯ ಗಾಡಿಗಳಲ್ಲಿ ಮೂರರ ಹೆಸರು ಕನ್ನಡಿಗರಿಗೆಲ್ಲ ಪರಿಚಿತ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳದು ಒಂದು ಕುಲ. ೧೯೫೫ರಿಂದ ಮದರಾಸಿನಲ್ಲಿ ಸಿದ್ಧವಾಗತೊಡಗಿದ ಬುಲೆಟ್ ಮತ್ತೊಂದು. ೧೯೮೫ರಲ್ಲಿ ಬಂದ ಯಮಾಹಾ ಆರ್‌ಎಕ್ಸ್ ೧೦೦ ಮೂರನೆಯದು. ಇಂಥ ಹಳೆಯ ಗಾಡಿಗಳಲ್ಲಿ ಬಹುಪಾಲಿಗೆ ವೇಗ ತೋರಿಸುವ ಮುಳ್ಳುಂಟು. ಇಂಜಿನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆಯೆಂದು ತೋರಿಸುವ ಮುಳ್ಳಿಲ್ಲ. ಆ ಲೆಕ್ಕವನ್ನು ಸವಾರನು ಕಿವಿಯಿಂದಲೇ ತಿಳಿಯತಕ್ಕದ್ದು.

ಪ್ರಯಾಣವನ್ನು ಕೂಡ್ಲಿಗಿಯಿಂದ ಆರಂಭಿಸೋಣ. ಹೊಸಪೇಟೆಯಿಂದ ಚಿತ್ರದುರ್ಗಕ್ಕೆ ಹೋಗುವ ೫೦ನೆಯ ರಾಷ್ಟ್ರೀಯ ಹೆದ್ದಾರಿ ಈ ಊರಿನ ಬಳಿಯೇ ಹಾದುಹೋಗುತ್ತದೆ. ಹಿಂದೆ ಇದಕ್ಕೆ ೧೩ನೆಯ ಹೆದ್ದಾರಿಯೆಂದು ಹೆಸರಿತ್ತು. ಎರಡು ಲಾರಿಗಳು ಎದುರಾದರೆ ಪಕ್ಕಕ್ಕೆ ಸರಿಯಬೇಕಾಗಿದ್ದ ದಾರಿ ಈಗ ನಾಲ್ಕು ಸಾಲಿನ ನುಣುಪಾದ ರಸ್ತೆಯಾಗಿದೆ. ೨೦೧೮ರ ಕೇಂದ್ರ ಸರ್ಕಾರದ ಅಧಿಸೂಚನೆಯು ಇಂಥ ರಸ್ತೆಯಲ್ಲಿ ಮೋಟಾರು ಸೈಕಲ್ಲಿಗೆ ಗಂಟೆಗೆ ೮೦ ಕಿಲೋಮೀಟರಿನ ಮಿತಿಯನ್ನಿಟ್ಟಿದೆ. ಆದರೆ ವಾಚಕರು ಗಮನಿಸಬೇಕು: ಅದು ಕಾನೂನು ರಸ್ತೆಗೆ ಕೊಟ್ಟ ಮಿತಿ, ಹಳೆಯ ಇಂಜಿನಿಗೆ ಕೊಟ್ಟ ಅಪ್ಪಣೆಯಲ್ಲ.

ಇದರ ಲೆಕ್ಕ ಬಹು ಸುಲಭ. ಗಂಟೆಗೆ ೬೦ ಕಿಲೋಮೀಟರೆಂದರೆ ನಿಮಿಷಕ್ಕೆ ೧೦೦೦ ಮೀಟರು. ಗಾಲಿಯ ಸುತ್ತಳತೆ ಸುಮಾರು ೨ ಮೀಟರು; ಆದ್ದರಿಂದ ಗಾಲಿ ನಿಮಿಷಕ್ಕೆ ೫೦೦ ಸಲ ತಿರುಗುತ್ತದೆ. ಕೊನೆಯ ಗೇರಿನಲ್ಲಿ ಗಾಲಿ ಒಮ್ಮೆ ತಿರುಗುವಷ್ಟರಲ್ಲಿ ಇಂಜಿನು ಆರು ಸಲ ತಿರುಗುವುದೆಂದು ಲೆಕ್ಕದ ಸೌಕರ್ಯಕ್ಕಾಗಿ ಹಿಡಿಯೋಣ. ಆಗ ಇಂಜಿನಿಗೆ ನಿಮಿಷಕ್ಕೆ ೩೦೦೦ ಸುತ್ತು. ವೇಗ ೮೦ ಆದರೆ ೪೦೦೦. ೧೦೦ ಆದರೆ ೫೦೦೦. ನಾಲ್ಕೇ ಗೇರುಗಳಿರುವ ಗಾಡಿಯಲ್ಲಿ ಇದರ ಮೇಲೆ ಮತ್ತೊಂದು ಗೇರಿಲ್ಲ. ವೇಗ ಹೆಚ್ಚಿದಷ್ಟೂ ಸುತ್ತು ಹೆಚ್ಚಲೇಬೇಕು. ಸುತ್ತು ೩೦೦೦ದಿಂದ ೪೦೦೦ಕ್ಕೇರಿದಾಗ ಪಿಸ್ಟನ್ನನ್ನು ತಡೆದು ಹಿಂದಿರುಗಿಸುವ ಬಲ ಮೂರರಲ್ಲೊಂದು ಪಾಲಷ್ಟೇ ಹೆಚ್ಚುವುದೆಂದು ತಿಳಿಯಬಾರದು. ಅದು ಸುತ್ತಿನ ವರ್ಗದಂತೆ ಏರಿ, ಒಂದೂ ಮುಕ್ಕಾಲು ಪಟ್ಟು ಮೀರುತ್ತದೆ. ನಿಮಿಷಕ್ಕೆ ೪೦೦೦ ಸುತ್ತಿನಲ್ಲಿ ಪಿಸ್ಟನ್ನು ೮೦೦೦ ಸಲ ನಿಂತು ಹಿಂದಿರುಗುತ್ತದೆ. ಆ ಪೆಟ್ಟನ್ನೆಲ್ಲ ತಾಳುವುದು ಒಳಗಿನ ಸಣ್ಣ ಬೇರಿಂಗುಗಳು.

ಹಾಗೆಂದು ಎಲ್ಲ ಇಂಜಿನಿಗೂ ಒಂದೇ ಸಂಖ್ಯೆ ಸಲ್ಲದು. ಯೆಜ್ಡಿಯ ಪಿಸ್ಟನ್ನು ಒಂದು ಬೀಸಿಗೆ ೭೫ ಮಿಲಿಮೀಟರು ಚಲಿಸುತ್ತದೆ, ಬುಲೆಟ್ಟಿನದು ೯೦, ಆರ್‌ಎಕ್ಸಿನದು ೫೦ ಮಾತ್ರ. ಪಿಸ್ಟನ್ನು ನಿಮಿಷಕ್ಕೆ ೬೦೦ ಮೀಟರು ಓಡಬೇಕಾದರೆ ಬುಲೆಟ್ಟಿಗೆ ಸುಮಾರು ೩೩೦೦ ಸುತ್ತು ಸಾಕು, ಯೆಜ್ಡಿಗೆ ೪೦೦೦ ಬೇಕು, ಆರ್‌ಎಕ್ಸಿಗೆ ೬೦೦೦ ಬೇಕು. ಆದ್ದರಿಂದಲೇ ಚಿಕ್ಕ ಗಾಡಿಯ ಕಿರುದನಿಯು ಬೇನೆಯ ಗುರುತಲ್ಲ. ದೊಡ್ಡ ಗಾಡಿಯ ಗಂಭೀರನಾದವು ನೆಮ್ಮದಿಯ ಗುರುತೂ ಅಲ್ಲ. ಪ್ರತಿಯೊಂದು ಗಾಡಿಗೂ ಅದರದೇ ಆದ ಸಮಶ್ರುತಿಯುಂಟು. ಹಿಡಿಯೂ ಕಾಲಿಡುವ ಕಂಬಿಯೂ ಅದುರದೆ, ದನಿ ಏಕರೀತಿಯಾಗಿ ಸಾಗುವ ಸ್ಥಳವೇ ಅದು. ಸವಾರನು ಅಲ್ಲಿಯೇ ನಿಲ್ಲಬೇಕು.

ಕೂಡ್ಲಿಗಿಯಿಂದ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ಕೊಟ್ಟೂರು. ಗುರು ಕೊಟ್ಟೂರೇಶ್ವರನ ರಥೋತ್ಸವಕ್ಕೆ ನೆರೆಯುವ ಜನಸಾಗರವನ್ನು ಕಂಡವರು ಮರೆಯಲಾರರು. ಕಾಲ್ನಡಿಗೆಯಲ್ಲಿ ಬರುವ ಭಕ್ತರ ಸಾಲು ದಾರಿಯುದ್ದಕ್ಕೂ ಇರುತ್ತದೆ. ಅಲ್ಲಿ ಮೋಟಾರು ಸೈಕಲ್ಲು ಮನುಷ್ಯನ ಹೆಜ್ಜೆಗೆ ಸರಿಯಾಗಿ ತೆವಳಬೇಕು. ಸುತ್ತು ಕಡಿಮೆ, ಆದುದರಿಂದ ಇಂಜಿನಿಗೆ ವಿಶ್ರಾಂತಿಯೆಂದು ಭಾವಿಸಿದರೆ ಅದು ಭ್ರಮೆ. ಈ ಇಂಜಿನುಗಳನ್ನು ತಣಿಸುವುದು ಎದುರಿನಿಂದ ಬೀಸುವ ಗಾಳಿಯೊಂದೇ. ಗಾಳಿಯಿಲ್ಲದೆ ನಿಂತಲ್ಲಿಯೇ ಗುರುಗುಟ್ಟುವುದಕ್ಕಿಂತ ಇಂಜಿನನ್ನು ಆರಿಸಿ ನಾಲ್ಕು ಮಾರು ತಳ್ಳಿಕೊಂಡು ಹೋಗುವುದೇ ಲೇಸು.

ಹಗರಿಬೊಮ್ಮನಹಳ್ಳಿಯ ಕಡೆಗೆ ಸಾಗಿದರೆ ಬಯಲು ಇನ್ನೂ ತೆರೆದುಕೊಳ್ಳುತ್ತದೆ. ಈ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ಜಾಲಿಯ ಮರಗಳ ಮೇಲೆ ಸಾವಿರಾರು ನೀರುಹಕ್ಕಿಗಳು ನೆಲಸುತ್ತವೆ. ೨೦೨೪ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಆಷಾಢ ಬಂತೆಂದರೆ ಈ ಬಯಲಿನಲ್ಲಿ ಪಡುವಣ ಗಾಳಿಗೆ ಅಡ್ಡಿಯೆಂಬುದಿಲ್ಲ. ಗಂಟೆಗೆ ೬೦ರಲ್ಲಿ ಹೋಗುವವನಿಗೆ ೨೦ರ ವೇಗದ ಗಾಳಿ ಎದುರಾದರೆ ಇಂಜಿನಿನ ಸುತ್ತು ಅದೇ ೩೦೦೦. ಆದರೆ ಗಾಳಿಯನ್ನು ಸೀಳುವ ಹೊರೆ ಒಂದೂ ಮುಕ್ಕಾಲು ಪಟ್ಟಾಗುತ್ತದೆ. ಇಲ್ಲಿ ಕೊನೆಯ ಗೇರಿನಲ್ಲಿಯೇ ಹಟ ಹಿಡಿದು ಎಕ್ಸಲರೇಟರನ್ನು ಪೂರ್ತಿಯಾಗಿ ತಿರುವುವುದು ಇಂಜಿನನ್ನು ಉಸಿರುಗಟ್ಟಿಸಿದಂತೆ. ವೇಗವನ್ನು ತಗ್ಗಿಸಿ, ಒಂದು ಗೇರು ಕೆಳಗಿಳಿದರೆ ಅದು ಹಗುರಾಗಿ ಎಳೆಯುತ್ತದೆ. ಅತಿಯಾದ ಸುತ್ತಿನಂತೆಯೇ ಅತಿ ಕಡಿಮೆಯಾದ ಸುತ್ತೂ ಹಾನಿಕರವೇ.

ಮುಂದೆ ಹೂವಿನಹಡಗಲಿ. ವಿಜಯನಗರಕ್ಕೆ ಇಲ್ಲಿಂದ ಹಡಗಿನಲ್ಲಿ ಹೂವು ಹೋಗುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಪ್ರತೀತಿ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ಮೊಗ್ಗು ಅರಳುವ ಮುನ್ನವೇ ಪೇಟೆಯನ್ನು ಮುಟ್ಟಬೇಕಾದ ಹೂವಿಗೆ ಅವಸರವಿರುವುದು ಸಹಜ. ಆದರೆ ಅವಸರದ ಲಾಭವೆಷ್ಟು? ೩೦ ಕಿಲೋಮೀಟರಿನ ದಾರಿಗೆ ೬೦ರ ವೇಗದಲ್ಲಿ ಅರ್ಧ ಗಂಟೆ. ೮೦ರಲ್ಲಿ ಇಪ್ಪತ್ತೆರಡೂವರೆ ನಿಮಿಷ. ಉಳಿಯುವುದು ಏಳೂವರೆ ನಿಮಿಷ. ಅಷ್ಟರಲ್ಲಿ ಮೊಗ್ಗು ಅರಳದು. ಹಳೆಯ ಇಂಜಿನು ಮಾತ್ರ ಕೆಟ್ಟೀತು.

ಕೊನೆಗೆ ತೆಂಕಣಕ್ಕೆ ಹರಪನಹಳ್ಳಿ. ಬಾಗಳಿಯ ಕಲ್ಲೇಶ್ವರ ದೇವಾಲಯವನ್ನೂ ಉಚ್ಚಂಗಿದುರ್ಗವನ್ನೂ ನೋಡಬಯಸುವವರು ಈ ತಾಲ್ಲೂಕಿನಲ್ಲಿ ಸುತ್ತಾಡಬೇಕು. ದುರ್ಗದತ್ತಣ ಸೀಮೆಯಲ್ಲಿ ಏರಿಳಿತಗಳು ಎದುರಾಗುತ್ತವೆ. ಯೆಜ್ಡಿಯ ಸವಾರನು ವಿಶೇಷವಾಗಿ ಎಚ್ಚರಿಕೆಯಿಂದಿರಬೇಕಾದುದು ಇಳಿಜಾರಿನಲ್ಲಿ. ಅದರ ಇಂಜಿನಿಗೆ ಬೇಕಾದ ಎಣ್ಣೆ ಪೆಟ್ರೋಲಿನಲ್ಲಿಯೇ ಬೆರೆತು ಬರುತ್ತದೆ. ವೇಗವಾಗಿ ಇಳಿಯುತ್ತ ಎಕ್ಸಲರೇಟರನ್ನು ಪೂರ್ತಿಯಾಗಿ ಮುಚ್ಚಿದರೆ ಸುತ್ತು ಹೆಚ್ಚಾಗಿಯೇ ಇದ್ದು ಎಣ್ಣೆ ಕುಗ್ಗುತ್ತದೆ. ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಬೀಡುಕಬ್ಬಿಣದ ಸಿಲಿಂಡರಿಗಿಂತ ಹೆಚ್ಚಾಗಿ ಹಿಗ್ಗತಕ್ಕದ್ದು. ಕಾವೇರಿ ಎಣ್ಣೆ ಸಾಲದಾದಾಗ ಅದು ಸಿಲಿಂಡರಿನ ಗೋಡೆಯನ್ನು ಕಚ್ಚಿಕೊಳ್ಳುತ್ತದೆ. ಇದನ್ನೇ ಮೇಸ್ತ್ರಿಗಳು ಇಂಜಿನು ಸೀಜಾಯಿತೆನ್ನುವುದು. ಆ ಕ್ಷಣದಲ್ಲಿ ಹಿಂದಿನ ಗಾಲಿ ಕಟ್ಟಿಹಾಕಿದಂತೆ ನಿಂತುಬಿಡುತ್ತದೆ. ದನಿ ಇದ್ದಕ್ಕಿದ್ದಂತೆ ಬಿಗಿಯಾಗಿ, ಯಾರೋ ಹಿಂದಿನಿಂದ ಎಳೆದಂತಾದರೆ, ಬೇರೆ ಯೋಚನೆಯಿಲ್ಲದೆ ಕ್ಲಚ್ಚನ್ನು ಹಿಡಿದು ಪಕ್ಕಕ್ಕೆ ಸರಿಯಬೇಕು. ಇಳಿಜಾರಿನಲ್ಲಿ ನಡುನಡುವೆ ಎಕ್ಸಲರೇಟರನ್ನು ತುಸು ತೆರೆಯುತ್ತಿದ್ದರೆ ಪಿಸ್ಟನ್ನಿಗೆ ಎಣ್ಣೆ ತಪ್ಪುವುದಿಲ್ಲ.

ಇದೆಲ್ಲ ಯಂತ್ರದ ಮಾತಾಯಿತು, ಮನೆವಾರ್ತೆಗೆ ಇದರಿಂದೇನು ಎಂದು ಕೇಳುವವರುಂಟು. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳುವವರಾರು? ಹೆಂಡತಿಯೋ, ಮಗನೋ, ಜಾತ್ರೆಗೆ ಹೊರಟ ತಾಯಿಯೋ ಅಲ್ಲವೆ? ಗಾಲಿ ನಿಂತಾಗ ಬೀಳುವವನು ಸವಾರನೊಬ್ಬನೇ ಅಲ್ಲ. ಮೈಸೂರಿನ ಆ ಕಾರ್ಖಾನೆ ಮುಚ್ಚಿ ಮೂರು ದಶಕಗಳಾಗುತ್ತ ಬಂದುವು. ಒಳಗಿನ ಭಾಗವೊಂದು ಹೋದರೆ ಅಂಥದೇ ಮತ್ತೊಂದನ್ನು ಹುಡುಕುವುದೂ ಶ್ರಮವೇ. ಆದುದರಿಂದ ತಂದೆಯ ಗಾಡಿಯನ್ನು ಉಳಿಸಿಕೊಳ್ಳಬಯಸುವವರು ಹೆದ್ದಾರಿಯಲ್ಲಿ ಎಡಬದಿಯನ್ನು ಹಿಡಿದು, ಇಬ್ಬರೂ ಹೆಲ್ಮೆಟ್ಟು ಧರಿಸಿ, ಹಿಂದಿನಿಂದ ಬಂದವರಿಗೆ ದಾರಿ ಬಿಟ್ಟುಕೊಟ್ಟು, ಇಂಜಿನಿನ ಸಮಶ್ರುತಿಯಲ್ಲಿಯೇ ಸಾಗಲಿ. ಮುಂದೆ ಹೋದ ಕಾರಿನವರು ಹೊಸಪೇಟೆಯನ್ನು ಮೊದಲೇ ಮುಟ್ಟಿಕೊಳ್ಳಲಿ. ನಮ್ಮವರು ಊಟದ ಹೊತ್ತಿಗೆ ಮನೆಗೆ ಬಂದರೆ ಸಾಕು.