ಅಗಸಿ ಎಣ್ಣಿ ಅರಿವಿ

ಮಗಾ ಎಲೆಕ್ಟ್ರಿಕ್ ಗಿಟಾರಿನ ಕಿಟ್ ತರಿಸಿದ್ದ. ಡಬ್ಬಿ ಬಿಚ್ಚಿದ್ರ ಬಣ್ಣಾ ಇಲ್ಲದ ಕಟಗಿ ಮೈ, ಕುತ್ತಿಗಿ, ತಂತಿ, ಸ್ಕ್ರೂ. ಪರೀಕ್ಷಾದಾಗ ನಪಾಸಾದಮ್ಯಾಲೆ ಎರಡು ತಿಂಗಳು ಖೋಲಿ ಬಿಟ್ಟು ಹೊರಗ ಬರದಾಂವ ಹಿತ್ತಲದಾಗ ಉಸುಕಿನ ಕಾಗದ ಹಿಡದು ಕೂತ. ನಾನೂ ಬಾಜೂಕ ಕೂತೆ. ಮೊದಲ 120 ನಂಬರು, ಆಮ್ಯಾಲೆ 220, ಕಡೀಕ 320. ಕಟಗಿ ಎಳಿ ಹಿಡದು ತಿಕ್ಕಬೇಕು, ಅಡ್ಡ ತಿಕ್ಕಿದ್ರ ಗೀರು ಉಳೀತಾವ.

ಆಮ್ಯಾಲೆ ಅರಿವಿಲೆ ಅಗಸಿ ಎಣ್ಣಿ ಹಚ್ಚಿದ್ವಿ. ನಾವು ಚಟ್ನಿಪುಡಿಗೆ ಹುರಿಯೋ ಅದೇ ಅಗಸೀದು, ಆದ್ರ ಇದು ಹಾರ್ಡ್‌ವೇರ್ ಅಂಗಡೀದು, ತಿನ್ನೂದಲ್ಲ. ಕೆಲಸ ಮುಗದಮ್ಯಾಲೆ ಅರಿವಿ ಮುದ್ದಿ ಮಾಡಿ ಮೂಲ್ಯಾಗ ಒಗದೆ.

"ಅವ್ವಾ, ಮುದ್ದಿ ಮಾಡಬ್ಯಾಡ!" ಅಂತ ಓಡಿ ಬಂದ. ಈ ಎಣ್ಣಿ ಗಾಳಿ ಹೀರಿಕೊಂಡು ಒಣಗತದ, ಒಣಗುವಾಗ ಬಿಸಿ ಆಗತದ. ಮುದ್ದ್ಯಾಗಿನ ಬಿಸಿ ಹೊರಗ ಹೋಗಲಾರದ, ಕಡ್ಡಿ ಕೊರೀದನ ಬೆಂಕಿ ಹತ್ತಬಹುದಂತ. ಬಿಡಿಸಿ ಹೊರಗ ಹಗ್ಗದ ಮ್ಯಾಲೆ ಒಂದೊಂದ ಹರವಿದ. ಬಾಗಿಲಿಗೆ ಅಗಸಿ ಎಣ್ಣಿ ಹಚ್ಚಿದ್ರ ನೀವೂ ಹಂಗೇ ಮಾಡ್ರಿ.

ಗಿಟಾರಿಗೆ ಇನ್ನೂ ತಂತಿ ಬಿಗದಿಲ್ಲ. ಆದ್ರ ಎರಡು ತಿಂಗಳಾದಮ್ಯಾಲೆ ಅಂವಾ ನನ್ನ ಜೋಡಿ ಇಷ್ಟು ಮಾತಾಡಿದ್ದು ಅವತ್ತ.