ಬಾದಾಮಿಯ ಬಿಸಿಲಿನಲ್ಲಿ

ನಮ್ಮ ಕಣಕಟ್ಟೆಯ ಕಡೆಯವರಿಗೆ ಶಿಲ್ಪದ ಕಲ್ಲೆಂದರೆ ಹಳೇಬೀಡಿನ ಬಳಪದ ಕಲ್ಲೇ. ಅಗೆದು ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲಿಗೆ ಒಗ್ಗಿದ ಕಣ್ಣಿಗೆ ಬಾದಾಮಿಯ ಕೆಂಪು ಮರಳುಗಲ್ಲು ಒರಟಾಗಿಯೇ ತೋರುವುದು.

ಚೈತ್ರದ ನಡುಹಗಲು. ಬಂಡೆಗಳು ಎರಡು ಕಡೆಯಿಂದಲೂ ಕಾವನ್ನು ಉಗುಳುತ್ತಿದ್ದವು; ತಂಬಿಗೆಯ ನೀರು ಅರ್ಧಕ್ಕಿಳಿದಿತ್ತು. “ತಾತ, ಹಿಂದಿರುಗೋಣ” ಎಂದನು ಮೊಮ್ಮಗನು. ಮಂಗಳೇಶನ ಕ್ರಿ.ಶ. 578ರ ಶಾಸನವುಳ್ಳ ಮೂರನೆಯ ಗುಹೆಯನ್ನು ನೋಡಿಯಾಗಿತ್ತು. ಆದರೆ ನಾನು ಬಂದುದು ಅದಕ್ಕಲ್ಲ. ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಕಪ್ಪೆ ಅರಭಟ್ಟನ ತ್ರಿಪದಿಗಳು ಕೆರೆಯ ಈಶಾನ್ಯದ ಬಂಡೆಯ ಮೇಲಿವೆ. ಪಾಠಶಾಲೆಯಲ್ಲಿ ಸಂಸ್ಕೃತವನ್ನೇ ಉಂಡು ಬೆಳೆದ ನನಗೆ ಕನ್ನಡದ ರುಚಿ ಹತ್ತಿಸಿದವು ಅವೇ. ಈ ಮಂಡಿಗಳನ್ನು ನಂಬಿ ಇನ್ನೊಂದು ವರ್ಷ ಕಾಯುವಂತಿರಲಿಲ್ಲ.

ದಾರಿಯ ಹಾಸುಬಂಡೆಯೊಂದರ ಮೇಲೆ ಸಾಲುಸಾಲಾಗಿ ಅಲೆಯ ಗುರುತುಗಳು ಕಂಡವು, ಕೆರೆಯಂಚಿನ ಮರಳಿನಲ್ಲಿರುವಂತೆಯೇ. ಕೋಟ್ಯಂತರ ವರ್ಷಗಳ ಹಿಂದೆ ನೀರು ಹರಡಿದ ಮರಳೇ ಒತ್ತಿ ಬೆಸೆದು ಈ ಕಲ್ಲಾಗಿರುವುದು. ಬಾಯಾರಿದವನ ಕಾಲಡಿಯಲ್ಲಿ ನೀರಿನ ರುಜು! ಗುಟುಕು ಕುಡಿದು ನಡೆದೆವು.

ಶಾಸನದ ಮುಂದೆ ಹುಡುಗನು ಕೊಡೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನನಗೇ ನೆರಳು ಹಿಡಿದನು. ಬಾಯಿಪಾಠದ ಬಲದಿಂದ ಒಂದೊಂದೇ ಅಕ್ಷರವನ್ನು ಗುರುತಿಸುತ್ತ, ತರಗತಿಯಲ್ಲಿದ್ದಂತೆ ಗಟ್ಟಿಯಾಗಿ ಓದಿದೆನು. ಅವನು ಬಹಳ ಹೊತ್ತು ಬಂಡೆಯನ್ನೇ ನೋಡಿ, “ಇವು ನಮ್ಮ ಅಕ್ಷರಗಳೇ, ತಾತ?” ಎಂದು ಕೇಳಿದನು.